ಬ್ಯಾಂಕಾಕಿನಲ್ಲಿ ಮಗಳ ಭುಜ

ಬ್ಯಾಂಕಾಕಿಗೆ ಹೋಗಿ ಬಂದೆ ಅಂದರೆ ನಮ್ಮ ಕಡೆ ಗಂಡಸರು ಮೀಸೆಯೊಳಗೇ ನಗುತ್ತಾರೆ. ನಾನು ಚನ್ನಪಟ್ಟಣದಿಂದ ಸಾತನೂರಿನ ಮೇಲೆ ಕನಕಪುರಕ್ಕೆ ಹೋಗುವ ಸರ್ಕಾರಿ ಬಸ್ಸಿನ ಕಂಡಕ್ಟರ್. ರಜೆ ಮುಗಿಸಿ ಡ್ಯೂಟಿಗೆ ಬಂದ ಮೊದಲ ದಿನವೇ ಹಿಂದಿನ ಸೀಟಿನಿಂದ ಒಬ್ಬ ಕೂಗಿದ: "ಏನ್ ರತ್ನಕ್ಕಾ, ಬ್ಯಾಂಕಾಕ್ ಮಸಾಜೆಲ್ಲ ಆಯ್ತಾ?" ಬಸ್ಸೆಲ್ಲ ಗೊಳ್ಳೆಂದು ನಕ್ಕಿತು. "ಆಯ್ತಪ್ಪ, ನಿಂಗೂ ಒಸಿ ಮಾಡ್ಲಾ?" ಅಂತ ಟಿಕೆಟ್ ಮೆಷಿನ್ ಎತ್ತಿ ತೋರಿಸಿದೆ. ನಗು ಅವನ ಮೇಲೆ ತಿರುಗಿತು.

ಆದರೆ ಮಸಾಜು ಎಂಬ ಮಾತು ನನಗೆ ಎಲ್ಲಿ ಚುಚ್ಚಿತು ಅನ್ನುವುದು ಅವನಿಗೆ ಗೊತ್ತಿರಲಿಲ್ಲ. ಬಸ್ಸಿನಲ್ಲಿ ನಿಂತುಕೊಂಡು ಹೇಳುವ ಕಥೆಯೂ ಅದಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಬೈರಾಪಟ್ಟಣ ಬಿಟ್ಟದ್ದು

ನನ್ನ ಮಗಳು ಚೈತ್ರ ವಾಲಿಬಾಲ್ ಆಟಗಾರ್ತಿ. ನೆಟ್ಟಿನ ಮೇಲಕ್ಕೆ ಹಾರಿ ಚೆಂಡನ್ನು ಎದುರಿನವರ ಅಂಕಣಕ್ಕೆ ಬಡಿಯುವುದು ಅವಳ ಕೆಲಸ. ಬೈರಾಪಟ್ಟಣದಲ್ಲಿ ನಮ್ಮ ಮನೆಯ ಹಿಂದಿನ ಕಣದಲ್ಲಿ ಹಗ್ಗ ಕಟ್ಟಿಕೊಂಡು ಆಡುತ್ತಿದ್ದವಳು, ಮಾಗಡಿ, ಕನಕಪುರ ಅಂತ ಟೂರ್ನಮೆಂಟುಗಳಲ್ಲಿ ಹೆಸರು ಮಾಡಿದಳು. ಹೋದ ವರ್ಷ ಥಾಯ್ಲೆಂಡಿನ ಒಂದು ಕ್ಲಬ್ಬು ಅವಳನ್ನು ಒಂದು ಸೀಸನ್ ಆಡಲು ಕರೆಸಿಕೊಂಡಿತು. ಆ ದೇಶದಲ್ಲಿ ಹೆಣ್ಣುಮಕ್ಕಳ ವಾಲಿಬಾಲ್ ಅಂದರೆ ನಮ್ಮಲ್ಲಿ ಕ್ರಿಕೆಟ್ ಇದ್ದ ಹಾಗೆ. ಟೀ ಅಂಗಡಿಯವನಿಗೂ ಆಟಗಾರ್ತಿಯರ ಹೆಸರು ಬಾಯಲ್ಲೇ ಇರುತ್ತದೆ.

ಒಂದು ಬೆಳಿಗ್ಗೆ ಫೋನ್ ಬಂತು. "ಅವ್ವಾ, ಭುಜ ಒಸಿ ಜಾರ್ತು. ಆಪರೇಶನ್ ಅಂತವ್ರೆ. ಕ್ಲಬ್ನೋರೇ ಎಲ್ಲ ನೋಡ್ಕತಾರೆ, ಮನೆಯಿಂದ ಒಬ್ರು ಬರ್ಬೇಕಂತೆ."

ನಮ್ಮ ಯಜಮಾನರು ಹೋಗುವ ಹಾಗಿರಲಿಲ್ಲ. ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತು. ಆ ವಾರ ಮನೆ ಬಿಟ್ಟರೆ ಬೆಳೆಯೇ ಹೋಯಿತು. "ನೀನೇ ಹೋಗು, ದಿನಾ ನೂರಾರು ಜನುನ್ನ ಸಂಬಾಳಿಸ್ತೀಯ, ಅಲ್ಲಿ ನಾಕು ಜನ ಏನ್ ಮಹಾ" ಅಂದರು. ಸರಿ, ಎರಡು ಸೇರು ರಾಗಿ ಹಿಟ್ಟು, ಉಪ್ಪಿನಕಾಯಿ, ಒಂದು ಬಾಟಲಿ ಹರಳೆಣ್ಣೆ ಕಟ್ಟಿಕೊಂಡು ಹೊರಟೆ. ಹರಳೆಣ್ಣೆ ಯಾಕೆ ಅಂತ ಕೇಳಬಹುದು. ಚೈತ್ರ ಆಡಿ ಬಂದ ದಿನವೆಲ್ಲ ನಾನು ಅವಳ ತೋಳಿಗೆ ಎಣ್ಣೆ ತಿಕ್ಕಿ, ಬೆರಳಿನಿಂದ ಶುರು ಮಾಡಿ ಮಣಿಕಟ್ಟು, ಮೊಣಕೈ, ಕೊನೆಗೆ ಇಡೀ ಕೈಯನ್ನೇ ಎಳೆದು ನೆಟಿಕೆ ತೆಗೆಯುತ್ತಿದ್ದೆ. ಜೋರಾಗಿ ಲಟ್ ಅಂತ ಸದ್ದು ಬಂದರೆ ದೃಷ್ಟಿ ಜಾಸ್ತಿ ಆಗಿತ್ತು ಅಂತ ಲೆಕ್ಕ. ನಮ್ಮವ್ವ ನನಗೆ ಹಾಗೇ ಮಾಡುತ್ತಿದ್ದಳು. ಅವಳಿಗೆ ಅವಳವ್ವ ಮಾಡಿರಬೇಕು.

ವಿಮಾನ ಇಳಿದು ಪೆಟ್ಟಿಗೆ ತೆಗೆದರೆ ಬಾಟಲಿಯ ಮುಚ್ಚಳ ಸಡಿಲಾಗಿ ಎಣ್ಣೆಯೆಲ್ಲ ರಾಗಿ ಹಿಟ್ಟಿಗೆ ಇಳಿದಿತ್ತು. ಕರೆದುಕೊಂಡು ಹೋಗಲು ಬಂದಿದ್ದಾಕೆ ಕ್ಲಬ್ಬಿನ ಮ್ಯಾನೇಜರ್. ನನ್ನ ವಯಸ್ಸಿನ, ಗಂಡುಕ್ರಾಪಿನ ಹೆಂಗಸು. ಹಿಂದೆ ಅವಳೂ ಆಟಗಾರ್ತಿಯಂತೆ. ಎಲ್ಲರೂ ಅವಳನ್ನು ಪೀ ನೋಯ್ ಅನ್ನುತ್ತಿದ್ದರು. ಪೀ ಅಂದರೆ ಅಕ್ಕ. ಎಣ್ಣೆಮುದ್ದೆಯಾದ ಆ ಹಿಟ್ಟನ್ನು ಆಕೆ ಮೂಸಿ ನೋಡಿ, ಏನೋ ದೊಡ್ಡ ಔಷಧಿ ಇರಬೇಕೆಂದು ಎರಡೂ ಕೈ ಜೋಡಿಸಿ ವಾಪಸ್ಸು ಕೊಟ್ಟಳು. ಚೈತ್ರ ಆಕೆಯ ಹಿಂದೆ ನಿಂತಿದ್ದಳು. ಬಲಗೈ ಪಟ್ಟಿಯಲ್ಲಿ ಎದೆಗೆ ಕಟ್ಟಿತ್ತು. ನಾನು ಅಪ್ಪಿಕೊಳ್ಳಲು ಹೋದರೆ ಎಡಭುಜ ಮುಂದೆ ಮಾಡಿದಳು.

ಆಸ್ಪತ್ರೆ, ಮೊದಲ ಸಲ

ಅಲ್ಲಿಯ ಆಸ್ಪತ್ರೆಯ ಮೊದಲ ಗುರುತು ಮೌನ. ನಮ್ಮ ರಾಮನಗರದ ಆಸ್ಪತ್ರೆಯಲ್ಲಿ ಒಬ್ಬ ರೋಗಿಗೆ ನಾಲ್ಕು ಜನ, ನಾಲ್ಕು ಜನಕ್ಕೆ ಎಂಟು ಅಭಿಪ್ರಾಯ. ಇಲ್ಲಿ ರೋಗಿಗಳು ದೇವಸ್ಥಾನಕ್ಕೆ ಬಂದವರಂತೆ ಕೂತಿದ್ದರು. ನನ್ನ ಗಂಟಲು ಬಸ್ಸಿಗೆ ಪಳಗಿದ್ದು. "ಕುಡಿಯೋಕೆ ನೀರೆಲ್ಲೈತೆ" ಅಂತ ಮಗಳನ್ನು ಕೇಳಿದ್ದಕ್ಕೆ ಇಡೀ ಸಾಲು ತಿರುಗಿ ನೋಡಿತು.

ಡಾಕ್ಟರು ಸಣ್ಣ ಆಳು, ಮೆತ್ತನೆ ದನಿ. ಮೇಜಿನ ಮೇಲೆ ಭುಜದ ಪ್ಲಾಸ್ಟಿಕ್ ಮಾದರಿ ಇತ್ತು. ಅದನ್ನು ಹಿಡಿದು ತಿರುಗಿಸಿ, ಚಿತ್ರಗಳನ್ನು ತೋರಿಸಿ, ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದರು. ಒಂದು ಸಲ ಒಂದು ಬೆರಳು ಎತ್ತಿದರು, ಆಮೇಲೆ ಎರಡು. ನಾನು ಮಗಳ ಮುಖ ನೋಡಿದೆ.

"ಏನಿಲ್ಲ ಕಣವ್ವ. ಒಳ್ಗಡೆ ಹರ್ದೈತಂತೆ, ಹೊಲಿಗೆ ಹಾಕ್ತರಂತೆ. ಆಮೇಲೆ ಆಡ್ಬೋದಂತೆ" ಅಂದಳು.

ನನ್ನ ಇಂಗ್ಲಿಷ್ ಟಿಕೆಟ್ಟಿಗೆ ಸಾಕಾಗುವಷ್ಟು. ಆದರೆ ಟಿಕೆಟ್ ತಗೊಳ್ಳದೆ ಕಿಟಕಿಯಾಚೆ ನೋಡುತ್ತಾ ಕೂತವರ ಮುಖ ಹೇಗಿರುತ್ತದೆ ಅಂತ ನನಗೆ ಗೊತ್ತು. ನನ್ನ ಮಗಳು ಆಗ ಕಿಟಕಿಯಾಚೆ ನೋಡುತ್ತಿದ್ದಳು.

"ಲೇ, ಅವ್ರು ಅಷ್ಟೊತ್ತು ಮಾತಾಡುದ್ರು, ನೀನು ಒಂದೇ ಉಸ್ರಲ್ಲಿ ಮುಗಿಸ್ಬುಟ್ಟೆ. ಮಿಕ್ಕಿದ್ದೆಲ್ಲಿ?"

"ಅಷ್ಟೇ ಕಣವ್ವ."

ನಾನು ಡಾಕ್ಟರ ಕಡೆ ತಿರುಗಿ, ಕಿವಿ ಮುಟ್ಟಿ, ಮಗಳ ಕಡೆ ಕೈ ತೋರಿಸಿ, ತಲೆಯಾಡಿಸಿದೆ. ಇವಳ ಮಾತು ನನಗೆ ಸಾಲದು ಅಂತ. ಅವರು ಅರ್ಥ ಮಾಡಿಕೊಂಡರು. ಮಾರನೇ ದಿನ ಬನ್ನಿ, ಹಿಂದಿ ಬಲ್ಲವರನ್ನು ಕರೆಸುತ್ತೇನೆ ಅಂದರು.

ಕೆಂಪು ಬಸ್ಸು

ಮಗಳಿದ್ದ ಕ್ಲಬ್ಬಿನ ವಸತಿಯಿಂದ ಆಸ್ಪತ್ರೆಗೆ ಕಾರು ಕಳಿಸುತ್ತೇನೆ ಅಂದಿದ್ದಳು ಪೀ ನೋಯ್. ಚೈತ್ರ ಕಾರಲ್ಲಿ ಬರಲಿ, ನನಗೆ ಬೇಡ ಅಂದೆ. ಪರದೇಶದ ಬಸ್ಸು ನೋಡದೆ ಹೋದರೆ ನಾನೆಂಥ ಕಂಡಕ್ಟರ್.

ಬಂದದ್ದು ಹಳೇ ಕೆಂಪು ಬಸ್ಸು. ಹಲಗೆಯ ನೆಲ, ಸೂರಿನಲ್ಲಿ ತಿರುಗುವ ಫ್ಯಾನು, ತೆರೆದ ಕಿಟಕಿ. ಕಂಡಕ್ಟರು ಹೆಂಗಸು! ಅವಳ ಕೈಯಲ್ಲಿ ಮೊಣಕೈಯುದ್ದದ ತಗಡಿನ ಕೊಳವೆ. ಉದ್ದಕ್ಕೆ ಬಾಯಿ ಬಿಡುವ ಆ ಕೊಳವೆಯಲ್ಲೇ ಟಿಕೆಟ್ ಸುರುಳಿ, ಅದರಲ್ಲೇ ಚಿಲ್ಲರೆ. ಜನರನ್ನು ಕರೆಯುವುದಕ್ಕೂ ಅದೇ, ಟಕ್ ಟಕ್ ಅಂತ ಬಡಿದರೆ ಸಾಕು. ಬಾಯಿ ತೆರೆಯುವ ಕೆಲಸವೇ ಇಲ್ಲ. ದಿನವೆಲ್ಲ ಕೂಗಿ ಕೂಗಿ ಸಂಜೆಗೆ ಗಂಟಲು ಕಟ್ಟಿಸಿಕೊಳ್ಳುವ ನನಗೆ ಹೊಟ್ಟೆಕಿಚ್ಚಾಯಿತು.

ಖಾಲಿ ಸೀಟು ಕಂಡು ಕೂತೆ. ಪಕ್ಕದಲ್ಲಿ ಕಾವಿಯುಟ್ಟ ಭಿಕ್ಷು. ಅವರು ಕಿಟಕಿಗೆ ಒತ್ತಿಕೊಂಡರು. ಬಸ್ಸಿನವರೆಲ್ಲ ಕಣ್ಣಲ್ಲೇ ಏನೋ ಹೇಳುತ್ತಿದ್ದಾರೆ, ನನಗೆ ತಿಳಿಯುತ್ತಿಲ್ಲ. ಕಂಡಕ್ಟರ್ ಬಂದು ನನ್ನ ತೋಳು ಮುಟ್ಟಿ ಮೆಲ್ಲಗೆ ಎಬ್ಬಿಸಿದಳು. ಆಸ್ಪತ್ರೆಯಲ್ಲಿ ಚೈತ್ರ ಹೇಳಿದಳು, ಹೆಂಗಸರು ಭಿಕ್ಷುಗಳಿಗೆ ತಾಕುವ ಹಾಗಿಲ್ಲವಂತೆ, ಅದು ಅವರಿಗೇ ಮೀಸಲಾದ ಸೀಟಂತೆ. ನಮ್ಮ ಬಸ್ಸಿನಲ್ಲಿ ಹೆಂಗಸರ ಸೀಟಿನಿಂದ ಗಂಡಸರನ್ನು ಎಬ್ಬಿಸಲು ದಿನಾ ಕುರುಕ್ಷೇತ್ರ ಮಾಡುವ ನಾನು ಅಲ್ಲಿ ಮೀಸಲು ಸೀಟಿನಲ್ಲಿ ಸಿಕ್ಕಿಬಿದ್ದೆ. ಆಮೇಲೆ ನನ್ನ ಮೊಬೈಲಿನಲ್ಲಿ ಯೂನಿಫಾರಂ ಹಾಕಿದ ಫೋಟೊ ತೋರಿಸಿದೆ. ಅವಳು ಕಣ್ಣರಳಿಸಿ, ತಗಡಿನ ಕೊಳವೆಯನ್ನು ನನ್ನ ಕೈಗೆ ಕೊಟ್ಟಳು. ಒಂದು ಸಲ ಬಡಿದೆ. ಹಿಂದಿನ ಸೀಟಿನವನೊಬ್ಬ ದುಡ್ಡು ತೆಗೆದ. ಇಬ್ಬರೂ ನಕ್ಕೆವು. ಆ ಪ್ರಯಾಣದಲ್ಲಿ ನಾನು ಮನಸಾರೆ ನಕ್ಕದ್ದು ಅದೊಂದೇ ಸಲ.

ಆಸ್ಪತ್ರೆ, ಎರಡನೇ ಸಲ

ಮಧ್ಯೆ ನಿಂತು ಮಾತು ದಾಟಿಸಲು ಬಂದಾಕೆ ಮನ್‌ಜೀತ್ ಕೌರ್. ಅಜ್ಜನ ಕಾಲದಲ್ಲೇ ಪಂಜಾಬಿನಿಂದ ಬಂದು ಬ್ಯಾಂಕಾಕಿನಲ್ಲಿ ಬಟ್ಟೆ ಅಂಗಡಿ ಹಾಕಿದ ಮನೆತನದವರು. ನನ್ನದು ಚನ್ನಪಟ್ಟಣದ ಮುಸ್ಲಿಂ ಹೆಂಗಸರ ಜೊತೆ ಬಸ್ಸಿನಲ್ಲಿ ಮಾತಾಡಿ ಕಲಿತ ಉರ್ದು. ಆಕೆಗೆ ಅದು ತಮಾಷೆಯಾಗಿ ಕೇಳಿಸಿತು. ಆದರೂ ಇಬ್ಬರ ಗಾಡಿಯೂ ಓಡಿತು.

ಡಾಕ್ಟರು ಮೊದಲಿಂದ ಹೇಳಿದರು. ಭುಜದ ಗುಂಡು ದೊಡ್ಡದು, ಅದು ಕೂರುವ ತಟ್ಟೆ ಚಿಕ್ಕದು. ಗುಂಡು ಜಾರದಂತೆ ಸುತ್ತ ಒಂದು ಮೆತ್ತನೆಯ ಅಂಚು ಇರುತ್ತದೆ. ಚೈತ್ರಳಿಗೆ ಆ ಅಂಚು ಹರಿದಿದೆ. ಅಷ್ಟೇ ಅಲ್ಲ, ತಟ್ಟೆಯ ಮುಂಬದಿಯ ಮೂಳೆಯೇ ಸವೆದಿದೆ. ಒಂದು ಸಲ ಜಾರಿದರೆ ಹೀಗೆ ಸವೆಯುವುದಿಲ್ಲ.

"ಎಷ್ಟು ಸಲ ಜಾರಿದೆ ಅಂತ ಕೇಳುತ್ತಿದ್ದಾರೆ" ಅಂದರು ಮನ್‌ಜೀತ್.

"ಇದೇ ಮೊದ್ಲು" ಅಂದೆ ನಾನು. ಚೈತ್ರ ತಲೆ ತಗ್ಗಿಸಿದಳು.

"ಎಷ್ಟೋ ಸಲ ಕಣವ್ವಾ" ಅಂದಳು. "ಕನಕಪುರದಲ್ಲಿ, ಮಾಗಡೀಲಿ. ನಾನೇ ಗೋಡೆಗೆ ಒತ್ಕೊಂಡು ಕೂರಿಸ್ಕತಿದ್ದೆ. ಹೇಳುದ್ರೆ ಆಡುಸ್ತಿರ್ಲಿಲ್ಲ ಯಾರೂ." ನನ್ನ ಕೈ ನೋಡಿ, "ಒಂದೊಂದ್ಸಲ ಪೂರ್ತಿ ಕೂರ್ತಿರ್ಲಿಲ್ಲ. ಅಂಗೇ ಮನೆಗೆ ಬತ್ತಿದ್ದೆ. ನೀನು ನೆಟಿಕೆ ತೆಗ್ಯೋವಾಗ ಕೂತ್ಕತಿತ್ತು" ಅಂದಳು.

ನನಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ಕೂತ ಕುರ್ಚಿಯ ಹಿಡಿ ಹಿಡಿದುಕೊಂಡೆ. ಜೋರಾಗಿ ಲಟ್ ಅಂತ ಸದ್ದು ಬಂದ ದಿನಗಳು. "ಅಬ್ಬಾ, ಎಷ್ಟೊಂದ್ ದೃಷ್ಟಿ ಬಿದ್ದಿತ್ತು ನೋಡು" ಅಂತ ನಾನು ಹೇಳಿ, ಇಬ್ಬರೂ ನಕ್ಕು, ಇದ್ದಿಲು, ಉಪ್ಪು, ಮೆಣಸಿನಕಾಯಿ ನಿವಾಳಿಸಿದ ದಿನಗಳು. ಅದು ದೃಷ್ಟಿಯಲ್ಲ. ನನ್ನ ಮಗಳ ಭುಜದ ಗುಂಡು ಸವೆದ ಮೂಳೆಯ ಮೇಲೆ ಉಜ್ಜಿಕೊಂಡು ಒಳಗೆ ಹೋದ ಸದ್ದು. ಆಗ ಅವಳು ನಗುತ್ತಿದ್ದಳಲ್ಲ, ಆ ನಗುವನ್ನು ಹೇಗೆ ನಕ್ಕಳೋ.

ಡಾಕ್ಟರು ಚೈತ್ರಳಿಗೆ ಎಡಗೈ ಹೆಬ್ಬೆರಳನ್ನು ಮುಂಗೈ ಕಡೆಗೆ ಬಗ್ಗಿಸಲು ಹೇಳಿದರು. ಸಲೀಸಾಗಿ ಬಗ್ಗಿ ಮುಂಗೈಗೆ ತಾಕಿತು. ನನಗೆ ಇನ್ನೇನು ತೋಚಲಿಲ್ಲ, ಅಲ್ಲಿ ನನ್ನ ಕೈಲಾಗುವುದು ಅದೊಂದೇ ಅನಿಸಿ, ನನ್ನ ಹೆಬ್ಬೆರಳನ್ನೂ ಬಗ್ಗಿಸಿ ತೋರಿಸಿದೆ. ನಮ್ಮ ಮನೆತನದಲ್ಲಿ ಎಲ್ಲರದೂ ಹೀಗೇ, ಮದುವೆ ಮನೆಗಳಲ್ಲಿ ಮಕ್ಕಳು ಬಗ್ಗಿಸಿ ತೋರಿಸಿ ಮೆರೆಯುತ್ತವೆ ಅಂದೆ. ಅವರು ನನ್ನ ಬೆರಳನ್ನೂ ಅವಳ ಬೆರಳನ್ನೂ ಪಕ್ಕ ಪಕ್ಕ ಹಿಡಿದು ನೋಡಿದರು.

ಇಂಥ ಸಡಿಲ ಕೀಲಿನವರಿಗೆ ಬರೀ ಹೊಲಿಗೆ ಹಾಕಿದರೆ ಹೊಲಿದದ್ದು ಮತ್ತೆ ಹಿಗ್ಗಬಹುದು, ಅದರಲ್ಲೂ ಮೂಳೆ ಸವೆದವರಿಗೆ, ಅಂದರು. ಒಂದು ಬೆರಳು ಎತ್ತಿದರು: ಹೊಲಿಗೆ. ಕೈ ಈಗ ಎಷ್ಟು ಹಿಂದಕ್ಕೆ ಹೋಗುತ್ತದೋ ಹೆಚ್ಚುಕಡಿಮೆ ಅಷ್ಟು ಉಳಿಯುತ್ತದೆ, ಮೊದಲಿನ ಹಾಗೇ ಚೆಂಡು ಬಡಿಯಬಹುದು, ಆದರೆ ಮತ್ತೆ ಜಾರುವ ಭಯ ದೊಡ್ಡದು. ಎರಡನೇ ಬೆರಳು: ಭುಜದಲ್ಲೇ ಇರುವ ಒಂದು ಮೂಳೆ ಚೂರನ್ನು, ಅದಕ್ಕಂಟಿದ ಸ್ನಾಯುವಿನ ಸಮೇತ ತಂದು, ಸವೆದ ಜಾಗಕ್ಕೆ ಸ್ಕ್ರೂ ಹಾಕಿ ಕೂರಿಸುವುದು. ಜಾರುವುದು ಬಹುಮಟ್ಟಿಗೆ ನಿಲ್ಲುತ್ತದೆ. ಆದರೆ ಕೈ ಹಿಂದಕ್ಕೆ ಬಾಗುವುದು ಕಡಿಮೆಯಾಗಬಹುದು. ಕೈ ಎತ್ತಿ ಎಸೆಯುವ, ಬಡಿಯುವ ಆಟಗಾರರಿಗೆ ಆ ಒಂದಿಷ್ಟೇ ಬಲ. ಅದು ಹೋದರೆ ಏಟು ಮೊದಲಿನ ಏಟಲ್ಲ.

ಕೊನೆಗೆ ಒಂದು ಪ್ರಶ್ನೆ ಕೇಳಿದರು. "ಈ ಕೈ ನಿಮಗೆ ಯಾತಕ್ಕೆ ಬೇಕು?"

ಚೈತ್ರ, "ಹೊಡ್ಯೋಕೆ" ಅಂದಳು.

ಅದೇ ಉಸಿರಿಗೆ ನಾನೂ ಹೇಳಿಬಿಟ್ಟೆ. "ತಲೆ ಬಾಚ್ಕೊಳೋಕೆ. ನಾಳೆ ಮಗು ಎತ್ಕೊಳೋಕೆ. ಬಸ್ಸಲ್ಲಿ ಕಂಬಿ ಹಿಡ್ಕೊಳೋಕೆ."

ಮಗಳು ನನ್ನ ಕಡೆ ತಿರುಗಿದಳು. "ನಿನ್ ಬಸ್ಸಿನ್ ಕಂಬಿ ಹಿಡ್ಯೋ ಕೈ ನಂಗ್ಬೇಡ" ಅಂದು ಎದ್ದು ಹೋದಳು.

ರೈಲು ನಿಲ್ದಾಣದ ಮೆಟ್ಟಿಲು

ಆಸ್ಪತ್ರೆಯ ಅಂಗಳದಲ್ಲಿ ಕಂಬದ ಮೇಲೆ ಗೂಡಿನಂಥ ಪುಟ್ಟ ಗುಡಿ. ಅಲ್ಲಿಯ ಭೂಮಿಯ ದೇವತೆಗಂತೆ. ಮುಂದೆ ಕೆಂಪು ಸೋಡಾ ಬಾಟಲಿಗಳು, ದೇವತೆ ಕುಡಿಯಲೆಂದು ಪ್ರತಿಯೊಂದಕ್ಕೂ ಸ್ಟ್ರಾ. ಚೈತ್ರ ಒಂದು ಬಾಟಲಿ ಇಟ್ಟು ಕಣ್ಣು ಮುಚ್ಚಿ ನಿಂತಳು. ನಾನೂ ಇಟ್ಟೆ. ಅವಳು ಏನು ಬೇಡಿಕೊಂಡಳೆಂದು ನನಗೆ ಗೊತ್ತು, ನಾನೇನು ಬೇಡಿಕೊಂಡೆನೆಂದು ಅವಳಿಗೆ ಗೊತ್ತು. ಆ ದೇವತೆ ಯಾರ ಸೋಡಾ ಕುಡಿಯಬೇಕಿತ್ತೋ.

ಹಣ್ಣು ತರಲೆಂದು ಒಬ್ಬಳೇ ಹೊರಟೆ. ನಗರದ ಮೇಲ್ಸೇತುವೆಯ ರೈಲು ನಿಲ್ದಾಣದ ಮೆಟ್ಟಿಲು ಹತ್ತುತ್ತಿದ್ದೆ, ಮೈಕಿನಲ್ಲಿ ಸಂಗೀತ ಬಂತು. ಜನರೆಲ್ಲ ಇದ್ದಲ್ಲೇ ನಿಂತುಬಿಟ್ಟರು. ಹತ್ತುವವರು ಹತ್ತುವಲ್ಲಿ, ಇಳಿಯುವವರು ಇಳಿಯುವಲ್ಲಿ. ಬೆಳಿಗ್ಗೆ ಸಂಜೆ ಅವರ ರಾಷ್ಟ್ರಗೀತೆ ಹಾಕುತ್ತಾರಂತೆ. ನಾನೂ ನಿಂತೆ. ಫೋನ್ ಬಂದ ದಿನದಿಂದ ನಾನು ಓಡುತ್ತಲೇ ಇದ್ದೆ. ನಿಂತದ್ದೇ ತಡ, ಅಳು ಬಂತು. ತಡೆಯಲಿಲ್ಲ. ಹಾಡು ಮುಗಿಯಿತು, ಎಲ್ಲರೂ ನಡೆದರು. ಯಾರೋ ಒಬ್ಬಾಕೆ ನನ್ನ ಕೈಗೆ ಕಾಗದದ ಕರವಸ್ತ್ರ ಇಟ್ಟು, ಮುಖ ನೋಡದೆ ಮುಂದೆ ಹೋದಳು. ನಮ್ಮಲ್ಲಾಗಿದ್ದರೆ ಸುತ್ತ ನಿಂತು ಯಾವೂರು, ಏನಾಯ್ತು, ಎಲ್ಲ ವಿಚಾರಿಸುತ್ತಿದ್ದರು. ಅದೂ ಬೇಕಾಗಿತ್ತು ಅನಿಸಿತು.

ವಾರ್ಡು

ಹೊಲಿಗೆಯೇ ಆಗಲಿ ಅಂತ ಚೈತ್ರ ಹಟ ಹಿಡಿದಳು. ದೊಡ್ಡವಳು, ಕೈ ಅವಳದು. ಆಪರೇಶನ್ನಿನ ಹಿಂದಿನ ದಿನ ವಾರ್ಡಿಗೆ ಸೇರಿಸಿಕೊಂಡರು. ಸಂಜೆ ಡಾಕ್ಟರು ಬರುವ ಹೊತ್ತಿಗೆ ನೀಟಾಗಿರಬೇಕೆಂದು ಅವಳು ಪಟ್ಟಿ ಬಿಚ್ಚಿ, ಕೂದಲು ಗಂಟು ಹಾಕಲು ಎರಡೂ ಕೈ ಎತ್ತಿದಳು. "ತಾಳೇ, ನಾನ್ ಹಾಕ್ತೀನಿ" ಅಂತ ನಾನು ಅನ್ನುವಷ್ಟರಲ್ಲಿ ಭುಜ ಜಾರಿತು.

ನಾನು ಅದನ್ನು ಕಣ್ಣಾರೆ ನೋಡಿದ್ದು ಅದೇ ಮೊದಲು. ದುಂಡಗಿದ್ದ ಭುಜ ಚಪ್ಪಟೆಯಾಯಿತು. ಮುಂದೆ, ಕಂಕುಳ ಮೇಲೆ, ಒಂದು ಗಂಟು ಎದ್ದಿತು. ಮಗಳ ಮುಖ ಸುಣ್ಣವಾಯಿತು.

"ಎಳಿಯವ್ವಾ" ಅಂದಳು. "ನೀ ಎಳುದ್ರೆ ಹೋಯ್ತದೆ. ಬೇಗ ಎಳಿ."

ನನ್ನ ಕೈ ತಾನಾಗಿ ಮುಂದೆ ಹೋಯಿತು. ಅವಳ ಮಣಿಕಟ್ಟನ್ನು ಹಿಡಿದೇಬಿಟ್ಟೆ. ಎಲ್ಲಿ ಹಿಡಿಯಬೇಕು, ಎಷ್ಟು ಎಳೆಯಬೇಕು ಅನ್ನುವುದು ನನ್ನ ಕೈಗೆ ಗೊತ್ತಿತ್ತು. ಎಳೆದರೆ ಆ ಕ್ಷಣವೇ ನೋವು ನಿಲ್ಲುತ್ತಿತ್ತು. ಮೂಳೆಯೂ ಮತ್ತಷ್ಟು ಸವೆಯುತ್ತಿತ್ತು. ಬಿಟ್ಟೆ. ಬಿಟ್ಟು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ, ಮತ್ತೆ ಮುಂದೆ ಹೋಗದ ಹಾಗೆ.

"ಎಳಿಯವ್ವಾ, ನಿನ್ ಕಾಲಿಗ್ ಬೀಳ್ತೀನಿ."

"ಎಳ್ಯಲ್ಲ ಕಣವ್ವಾ. ಎಳ್ಯಲ್ಲ." ಬಾಗಿಲ ಕಡೆ ತಿರುಗಿ ಕೂಗಿದೆ: "ಯಾರಾರ ಬನ್ರೀ! ಬೇಗ ಬನ್ರೀ!" ಕನಕಪುರ ಬಸ್ ಸ್ಟ್ಯಾಂಡಿಗೆಲ್ಲ ಕೇಳಿಸುವ ಗಂಟಲು. ಆ ಮೌನದ ಆಸ್ಪತ್ರೆಯಲ್ಲಿ ಕನ್ನಡ ಬಲ್ಲವರು ಒಬ್ಬರಿಲ್ಲ, ಆದರೂ ನರ್ಸುಗಳು ನಾಲ್ಕು ಕಡೆಯಿಂದ ಓಡಿ ಬಂದರು. ಡಾಕ್ಟರೂ ಬಂದರು. ಮಂಪರು ಬರುವ ಇಂಜೆಕ್ಷನ್ ಕೊಟ್ಟು, ಅವಳ ಕೈಯನ್ನು ಮೆಲ್ಲನೆ, ಬಹಳ ಮೆಲ್ಲನೆ ತಿರುಗಿಸಿದರು. ಒಳಗೆ ಹೋದದ್ದು ಗೊತ್ತೇ ಆಗಲಿಲ್ಲ. ಸದ್ದೇ ಬರಲಿಲ್ಲ.

ಮಂಪರು ಇಳಿದ ಮೇಲೆ ಚೈತ್ರ ಕೇಳಿದಳು. "ನೀ ಯಾಕವ್ವಾ ಎಳೀಲಿಲ್ಲ?"

"ಭಯ ಆಯ್ತು ಕಣೆ."

"ನಂಗೂ ಭಯ ಆಯ್ತದೆ. ದಿನಾ. ಕೈ ಎತ್ತೋವಾಗೆಲ್ಲ." ಅಷ್ಟು ವರ್ಷದಲ್ಲಿ ಮೊದಲ ಸಲ ಆ ಮಾತು ಅವಳ ಬಾಯಿಂದ ಬಂತು. ಗೋಡೆ ಕಡೆ ಮುಖ ಮಾಡಿಕೊಂಡು, "ಮೂಳೆದೇ ಮಾಡ್ಲಿ ಅನ್ನು. ಭಯ ಬಿದ್ಕೊಂಡು ಎಷ್ಟ್ ದಿನ ಹೊಡ್ಯನೆ" ಅಂದಳು. ನಾನು ಬೇಡಿಕೊಂಡದ್ದು ಆಗಿತ್ತು. ಖುಷಿಯಾಗಲಿಲ್ಲ.

ಮಾರನೇ ದಿನ ಮೂಳೆಯ ಆಪರೇಶನ್ ಆಯಿತು. ಸ್ಕ್ರೂ ಕೂತ ಚಿತ್ರವನ್ನು ಡಾಕ್ಟರು ತೋರಿಸಿದರು. ನರಕ್ಕೆ ಕೊಟ್ಟ ಮದ್ದಿಗೆ ಕೈ ಜೋಮು ಹಿಡಿದಿತ್ತು. "ಇದು ನನ್ ಕೈಯೇ ಅಲ್ಲ ಅನ್ನಿಸ್ತೈತೆ" ಅಂತ ಎಡಗೈಯಲ್ಲಿ ಅದನ್ನು ಮುಟ್ಟಿ ಮುಟ್ಟಿ ನೋಡಿಕೊಂಡಳು. ಅಂಗಿ ಹಾಕುವುದನ್ನೂ ನಾನು ಹೊಸದಾಗಿ ಕಲಿತೆ. ನೋವಿನ ಕೈಗೆ ಮೊದಲು ತೋಳು ತೂರಿಸಬೇಕು, ಬಿಚ್ಚುವಾಗ ಅದೇ ಕೊನೆಗೆ. ತಪ್ಪಿದಾಗ ನರ್ಸು ನನ್ನ ಕೈಮೇಲೆ ಸಣ್ಣಗೆ ತಟ್ಟುತ್ತಿದ್ದಳು.

ಹೊಲಿಗೆ ಬಿಚ್ಚಿದ ದಿನ ಡಾಕ್ಟರು ಅವಳ ಮೊಣಕೈಯನ್ನು ಪಕ್ಕೆಗೊತ್ತಿ, ಮುಂಗೈಯನ್ನು ಸ್ವಲ್ಪವೇ ಹೊರಕ್ಕೆ ತಿರುಗಿಸಿದರು. ತಿಂಗಳುಗಟ್ಟಲೆ ವ್ಯಾಯಾಮ ಮಾಡಿದರೆ ಎಲ್ಲಿಗೆ ಬರಬಹುದು ಅಂತ ಚೈತ್ರ ಕೇಳಿದಳು. ಅವರು ಸುಳ್ಳು ಹೇಳಲಿಲ್ಲ. ತಮ್ಮ ಕೈಯನ್ನೇ ಎತ್ತಿ, ಹಿಂದಕ್ಕೆ ಬಾಗಿಸಿ, ಒಂದು ಕಡೆ ನಿಲ್ಲಿಸಿ ತೋರಿಸಿದರು. ಅದಕ್ಕಿಂತ ಹೆಚ್ಚೂ ಬರಬಹುದು, ಕಡಿಮೆಯೂ ಆಗಬಹುದು ಅಂದರು. ಅವಳು ತನ್ನ ಎಡಗೈಯನ್ನು ಅಷ್ಟಕ್ಕೇ ಎತ್ತಿ ನಿಲ್ಲಿಸಿ ನೋಡಿಕೊಂಡಳು.

ಆಟದ ಹಾಲು

ಊರಿಗೆ ಹೊರಡುವ ಮುಂಚೆ ಕ್ಲಬ್ಬಿನ ಹಾಲಿಗೆ ಹೋದೆವು. ಹುಡುಗಿಯರು ಅಭ್ಯಾಸ ಮಾಡುತ್ತಿದ್ದರು. ಚೈತ್ರ ಇದ್ದ ಜಾಗದಲ್ಲಿ ಬೇರೆ ಹುಡುಗಿ ಹಾರಿ ಹಾರಿ ಹೊಡೆಯುತ್ತಿದ್ದಳು. ನಾನು ಮಗಳ ಮುಖ ನೋಡಲಿಲ್ಲ.

ವಾಲಿಬಾಲ್ ಗೊತ್ತಿಲ್ಲದವರಿಗೆ ಒಂದು ಮಾತು. ಅಂಕಣಕ್ಕಿಳಿದ ಪ್ರತಿ ತಂಡದಲ್ಲೂ ಒಬ್ಬಳು ಮಾತ್ರ ಬೇರೆ ಬಣ್ಣದ ಅಂಗಿ ಹಾಕಿರುತ್ತಾಳೆ. ಅವಳು ಹಿಂದಿನ ಸಾಲಿನಲ್ಲಷ್ಟೇ ಆಡಬೇಕು. ಹಾರಿ ಹೊಡೆಯುವ ಹಾಗಿಲ್ಲ. ಎದುರಿನವರು ಹೊಡೆದ ಚೆಂಡು ನೆಲ ಮುಟ್ಟದಂತೆ, ಬಗ್ಗಿ, ಬಿದ್ದು, ಕೆಳಗಿಂದ ಎತ್ತಿ ಕೊಡುವುದು ಅವಳ ಕೆಲಸ. ಸಾಮಾನ್ಯವಾಗಿ ಕುಳ್ಳಗಿನ, ಚುರುಕಿನ ಹುಡುಗಿಯರು ಅಲ್ಲಿರುತ್ತಾರೆ.

ಚೈತ್ರ ಪೀ ನೋಯ್ ಹತ್ತಿರ ಹೋಗಿ, ಆ ಅಂಗಿಯ ಹುಡುಗಿಯನ್ನು ತೋರಿಸಿ, ಅರ್ಧ ಇಂಗ್ಲಿಷು ಅರ್ಧ ಥಾಯ್ ಮಾತಲ್ಲಿ ಏನೋ ಕೇಳಿದಳು. ಪೀ ನೋಯ್ ಅವಳನ್ನು ಅಡಿಯಿಂದ ಮುಡಿವರೆಗೆ ನೋಡಿ ಇಲ್ಲವೆಂಬಂತೆ ತಲೆಯಾಡಿಸಿದಳು. ಈ ಸಲ ಚೈತ್ರ ನನಗೆ ಒಂದು ಮಾತೂ ಬಿಡದೆ ಹೇಳಿದಳು.

"ನಾನು ಆ ಜಾಗಕ್ಕೆ ಬಾಳ ಎತ್ರವಂತೆ. ಬಗ್ಗೋದು ತಡ ಆಯ್ತದಂತೆ. ಆಗ್ಲೇ ಇಬ್ರವರಂತೆ, ಅವ್ರುನ್ನ ಗೆದ್ರೆ ಮಾತ್ರ ಅಂತೆ. ಮುಂದಿನ್ ವರ್ಷಕ್ಕೆ ಕರೀತೀನಿ ಅಂತ ಮಾತ್ ಕೊಡಕ್ಕಾಗಲ್ವಂತೆ."

"ನೀ ಏನಂದೆ?"

"ಒಂದು ಹಳೇ ಅಂಗಿ ಕೊಡಿ, ಊರಲ್ಲಿ ಕಲ್ತ್ಕತೀನಿ ಅಂದೆ."

ಪೀ ನೋಯ್ ಒಳಗೆ ಹೋಗಿ ಬೀರುವಿನಿಂದ ಒಂದು ಅಂಗಿ ತಂದಳು. ಕಿತ್ತಳೆ ಬಣ್ಣದ್ದು, ಬೆನ್ನ ಮೇಲೆ ಯಾರದೋ ನಂಬರು, ಒಗೆದು ಒಗೆದು ಮಾಸಿತ್ತು. ಚೈತ್ರ ಎಡ ಅಂಗೈಯಲ್ಲಿ ಅದನ್ನು ಎದೆಗೆ ಒತ್ತಿ ಹಿಡಿದು ನನ್ನ ಕಡೆ ತಿರುಗಿದಳು. ಯಾರೋ ಕುಳ್ಳಗಿನ ಹುಡುಗಿಯದು. ಅವಳ ಸೊಂಟಕ್ಕೂ ಬರಲಿಲ್ಲ, ಭುಜಕ್ಕಂತೂ ಬಿಗಿ.

"ಹೆಂಗೈತವ್ವಾ?" ಅಂದಳು.

"ಸರ್ಯಾಗೈತೆ ಕಣವ್ವಾ" ಅಂದೆ.